ಮಷೀನು ಕೊಟ್ಟಿರಿ, ಬ್ಯಾಟರಿಗೆ ದುಡ್ಡು ಎಲ್ಲಿಂದ ತರಬೇಕು?

ಮೊನ್ನೆ ನಮ್ಮ ಜಿಲ್ಲೆಯ ಒಂದು ಊರಲ್ಲಿ ಕಿವಿ ಕೇಳದ ಮಕ್ಕಳಿಗೆ ಹಿಯರಿಂಗ್ ಏಡ್ ಹಂಚಿದರು. ಹಾರ, ಭಾಷಣ, ಫೋಟೊ ಎಲ್ಲ ಆಯಿತು. ಮಗುವಿನ ಕೈಗೆ ಬಂದ ಡಬ್ಬಿಯಲ್ಲಿ ಎರಡು ಮಷೀನು, ಆರು ಬ್ಯಾಟರಿಯ ಒಂದು ಪಟ್ಟಿ. ಆ ಪಟ್ಟಿ ಒಂದು ತಿಂಗಳಿಗೆ. ಎರಡನೇ ತಿಂಗಳು ಏನು ಮಾಡಬೇಕು ಅಂತ ಯಾರೊಬ್ಬರೂ ಬಾಯಿಬಿಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಲೆಕ್ಕ ಹಾಕಿ ನೋಡಿ. ಕಿತ್ತಳೆ ಸ್ಟಿಕ್ಕರಿನ 13 ನಂಬರ್ ಬ್ಯಾಟರಿ ದಿನವಿಡೀ ಹಾಕಿದರೆ ಹತ್ತು-ಹನ್ನೆರಡು ದಿನ ಬರುತ್ತದೆ. ಎರಡು ಕಿವಿಗೆ ತಿಂಗಳಿಗೆ ಐದಾರು ಬೇಕು. ನೀಲಿ ಸ್ಟಿಕ್ಕರಿನ 675 ಇನ್ನೊಂದಿಷ್ಟು ದಿನ ಬಾಳುತ್ತದೆ, ಅಷ್ಟೆ. ಇವು ಗಾಳಿ ಹೀರಿ ಕೆಲಸ ಮಾಡುವ ಬ್ಯಾಟರಿಗಳು. ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಖರ್ಚಾಗುತ್ತ ಹೋಗುತ್ತವೆ, ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಇಷ್ಟನ್ನಾದರೂ ವೇದಿಕೆಯಿಂದ ಹೇಳಬಹುದಿತ್ತು.

ಇನ್ನು ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ಅಚ್ಚು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಹಸುಗೂಸಿಗೆ ಎರಡು-ಮೂರು ತಿಂಗಳಿಗೊಮ್ಮೆ, ಶಾಲೆಗೆ ಹೋಗುವ ಮಗುವಿಗೆ ಸುಮಾರು ವರ್ಷಕ್ಕೊಮ್ಮೆ ಹೊಸ ಅಚ್ಚು ತೆಗೆಸಬೇಕು. ಸಡಿಲವಾದ ಮೋಲ್ಡಿನಿಂದ ಸದ್ದು ಹೊರಬಂದು ಮಷೀನು ಕುಯ್ ಎಂದು ಕೂಗುತ್ತದೆ. ಆ ಕೂಗು ತಡೆಯಲಾಗದೆ ಅಮ್ಮ ವಾಲ್ಯೂಮ್ ಇಳಿಸುತ್ತಾಳೆ. ಮಗುವಿಗೆ ಏನೂ ಕೇಳಿಸದಾಗುತ್ತದೆ, ಅದು ಮಷೀನನ್ನೇ ಕಿತ್ತೆಸೆಯುತ್ತದೆ. ಮಷೀನು ಬೀರು ಸೇರುತ್ತದೆ. ಕೆಟ್ಟದ್ದು ಮಷೀನಲ್ಲ ಮಾರಾಯ್ರೇ, ಕೆಲವು ನೂರು ರೂಪಾಯಿಯ ಒಂದು ಮೋಲ್ಡ್!

ನಮ್ಮ ಮಳೆಗಾಲವಂತೂ ಮಷೀನಿನ ಶತ್ರು. ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಮನೆಯೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಮೋಲ್ಡಿನ ನಳಿಕೆಯೊಳಗೆ ಒಂದು ಹನಿ ನೀರು ಕೂತರೂ ಸದ್ದು ಅಲ್ಲೇ ನಿಲ್ಲುತ್ತದೆ. ರಾತ್ರಿ ಬ್ಯಾಟರಿ ಹೊರತೆಗೆದು, ಮಷೀನನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇದಕ್ಕೇ ಡ್ರೈ ಕಿಟ್ ಎನ್ನುವುದು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಮುಗಿದಿದೆ ಎಂದರ್ಥ. ಬಚ್ಚಲೊಲೆಯ ಮೇಲೆ ಮಾತ್ರ ಒಣಗಿಸಬೇಡಿ, ಶಾಖ-ಹೊಗೆ ಎರಡೂ ಅದಕ್ಕೆ ವಿಷ.

ಬ್ಯಾಟರಿ, ಮೋಲ್ಡ್, ಮಾತು ಕಲಿಸುವ ಥೆರಪಿ ಯಾವುದೂ ಹಳ್ಳಿಯಲ್ಲಿ ಸಿಗುವುದಿಲ್ಲ. ಪೇಟೆಗೆ ಹೋಗಲೇಬೇಕು. ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ ಅಂತೀರಾ? ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ದಿನ ತಪ್ಪಿದರೆ ಆ ದಿನದ ಕೂಲಿಯೂ ಹೋಯಿತು. ಥೆರಪಿಗೆಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಸೇರಿಸಿದರೆ ಚಿಕಿತ್ಸೆಯ ಹೊರೆ ಹಗುರ, ಆದರೆ ತಾಯಿ ಅಲ್ಲಿ ರೂಮು ಮಾಡಿ ಉಳಿಯುವ ಬಾಡಿಗೆ ಯಾರ ಲೆಕ್ಕಕ್ಕೆ?

ಅಂಗವಿಕಲರ ಪಿಂಚಣಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ. ಶೇ. 40ರಿಂದ 75ರ ಒಳಗಿನ ನ್ಯೂನತೆಗೆ 2021ರಲ್ಲಿ ತಿಂಗಳಿಗೆ 600 ರೂಪಾಯಿ ಇದ್ದದ್ದು 800 ಆಯಿತು. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ. 15 ಏರಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ 4 ರೂಪಾಯಿ ಕೂಡಿತು. ಆ 800 ರೂಪಾಯಿ ಹಾಲು-ಅಕ್ಕಿ-ಗ್ಯಾಸಿಗೆ ಕರಗಿದ ಮೇಲೆ ಬ್ಯಾಟರಿಗೆ ಉಳಿಯುವುದೇನು? ಈ ಮಾತನ್ನು ನನ್ನ ಮುಂದೆ ಇನ್ನೊಮ್ಮೆ ಆಡಬೇಡಿ.

ಕೊಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ, ಆದವರ ಪಾಡು ಇನ್ನೂ ಬಿಗಿ. ಲಕ್ಷಗಟ್ಟಲೆಯ ಆಪರೇಷನ್ ಸರ್ಕಾರಿ ಯೋಜನೆಯಲ್ಲಿ ಆಗುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಸದ್ದು ಹಿಡಿಯುವ ಹೊರಗಿನ ಪ್ರೊಸೆಸರಿನ ವಾರಂಟಿ ಮುಗಿದ ಮೇಲೆ ಕೇಬಲ್ ತುಂಡಾದರೂ, ತಲೆಗೆ ಅಂಟಿಕೊಳ್ಳುವ ಕಾಯಿಲ್ ಹೋದರೂ ಹೆಚ್ಚಾಗಿ ಮನೆಯವರೇ ಹೊಂದಿಸಬೇಕು. ಕೇಬಲ್ ಇಲ್ಲದ ದಿನ ಆ ಮಗುವಿಗೆ ಪೂರ್ತಿ ನಿಶ್ಶಬ್ದ.

ಮನೆಯವರು ಈಗಲೇ ಮಾಡಬಹುದಾದ್ದು ಒಂದಿಷ್ಟಿದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮೊದಲು, ಅದಿಲ್ಲದೆ ಹೆಚ್ಚಿನ ಅರ್ಜಿಗಳು ಮುಂದೆ ಹೋಗುವುದಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮನೆಯ ಆದಾಯ ತಿಂಗಳಿಗೆ 22,500ರ ಒಳಗಿದ್ದರೆ ಸಾಧನ ಪೂರ್ತಿ ಉಚಿತ, 30,000ದವರೆಗೆ ಅರ್ಧ. ದೊಡ್ಡವರು ಇನ್ನೊಮ್ಮೆ ಪಡೆಯಲು ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಗುವಿಗೆ ಒಂದೇ ವರ್ಷ. ಇದು ಗೊತ್ತಿಲ್ಲದೆ ಕೆಟ್ಟ ಮಷೀನು ಇಟ್ಟುಕೊಂಡು ಕೂತವರು ಎಷ್ಟೋ ಜನ. ಕೆಲವು ಬಗೆಯ ಅಂಗವಿಕಲರಿಗಿರುವ ನಿರಾಮಯ ಆರೋಗ್ಯ ವಿಮೆಗೆ ಓಡಾಡಬೇಡಿ, ಬರೀ ಕಿವುಡುತನ ಅದರಡಿ ಬರುವುದಿಲ್ಲ.

ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5 ಅಂಗವಿಕಲರಿಗೆಂದು ತೆಗೆದಿಡಬೇಕು. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು ಜೊತೆಗೆ ಕರೆದುಕೊಂಡು ಪಿಡಿಒ ಹತ್ತಿರ ಹೋಗಿ. ಅರ್ಜಿಯಲ್ಲಿ ಸುಮ್ಮನೆ ‘ಸಹಾಯಧನ’ ಎಂದು ಬರೆಯಬೇಡಿ. ‘ವರ್ಷಕ್ಕೆ 13 ನಂಬರಿನ 72 ಬ್ಯಾಟರಿ, ಎರಡು ಕಿವಿಗೆ ಮೋಲ್ಡ್, ಒಂದು ಡ್ರೈ ಕಿಟ್’ ಎಂದು ಬರೆದು, ಅಂಗಡಿಯ ಕೊಟೇಶನ್ ಮತ್ತು ಯುಡಿಐಡಿ ಪ್ರತಿ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಬನ್ನಿ.