ಫರಿಸಾಯರ ಪರವಾಗಿ ನಾಲ್ಕು ಮಾತು

ಚರ್ಚಿನ ಪ್ರಸಂಗದಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಇಲ್ಲಿನ ಜಗಳಗಳಲ್ಲಿ ಯಾರಿಗಾದರೂ 'ಫರಿಸಾಯ' ಅಂತ ಬೈದುಬಿಟ್ಟರೆ ಅಲ್ಲಿಗೆ ಮಾತು ಮುಗೀತು. ಹೊರಗೆ ಭಕ್ತಿ, ಒಳಗೆ ಕಪಟ ಅಂತ ಅರ್ಥ. ಫರಿಸಾಯರು ಅಂದರೆ ಯೇಸುವಿನ ಕಾಲದ ಒಂದು ಯಹೂದಿ ಪಂಥ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸು ಅವರಿಗೆ ಅಂದ 'ಸುಣ್ಣ ಹಚ್ಚಿದ ಸಮಾಧಿಗಳು' ಅನ್ನೋ ಮಾತು ಎಷ್ಟೋ ಜನರಿಗೆ ಬಾಯಿಪಾಠ. ಈ ಬೈಗುಳ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಒಂದಿಡೀ ಪಂಥವನ್ನು ಅದರ ಎದುರಾಳಿಗಳು ಆಡಿದ ಮಾತಿನಿಂದಲೇ ಅಳೆದಿದ್ದೇವೆ. ಯುರೋಪಿನಲ್ಲಿ ಅದೇ ಬೈಗುಳವನ್ನು ಶತಮಾನಗಟ್ಟಲೆ ಎಲ್ಲ ಯಹೂದಿಗಳ ತಲೆಗೂ ಕಟ್ಟಿದರು. ಅದರಿಂದ ಆದ ಅನಾಹುತ ಸಣ್ಣದಲ್ಲ.

ಹಾಗಾಗಿ ಅವರು ಯಾರು, ಏನು ನಂಬುತ್ತಿದ್ದರು, ಯಾರ ಜೊತೆ ಯಾಕೆ ಜಗಳ ಆಡುತ್ತಿದ್ದರು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 70ರವರೆಗಿನ ಯೆರೂಸಲೇಮನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರಿನ ನಡುವೆ ದೇವಾಲಯ. ಬಲಿ, ಧೂಪ, ಹಬ್ಬ, ಕಾಣಿಕೆ ಎಲ್ಲ ಅಲ್ಲೇ. ಅದನ್ನು ನಡೆಸುವವರು ಹುಟ್ಟಿನಿಂದ ಯಾಜಕರಾದವರು. ಆ ಕಾಲದ ಇತಿಹಾಸಕಾರ ಜೋಸೆಫಸ್ ಕೂಡ ಯಾಜಕರ ಮನೆಯಲ್ಲಿ ಹುಟ್ಟಿದವನು, ಕ್ರಿ.ಶ. 37ರಲ್ಲಿ. ಹದಿನಾರರ ವಯಸ್ಸಿನಲ್ಲಿ ಮೂರು ಪಂಥಗಳನ್ನೂ ಪರೀಕ್ಷಿಸಿ ನೋಡಿದೆ, ಹತ್ತೊಂಬತ್ತಕ್ಕೆ ಫರಿಸಾಯರ ದಾರಿ ಹಿಡಿದೆ ಅಂತ ತಾನೇ ಬರೆದುಕೊಂಡಿದ್ದಾನೆ. ಫರಿಸಾಯರು, ಸದ್ದುಕಾಯರು, ಎಸ್ಸೀನರು. ಈ ಮೂರು ಹೆಸರು ನಮಗೆ ಗೊತ್ತಿರುವುದರಲ್ಲಿ ಅವನ ಪಾಲು ದೊಡ್ಡದು. ಎಸ್ಸೀನರು 4,000ಕ್ಕೂ ಹೆಚ್ಚು ಅನ್ನುತ್ತಾನೆ. ರೋಮಿನ ಸೀಸರನಿಗೂ ಯೂದಾಯದ ರಾಜ ಹೆರೋದನಿಗೂ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದ ಫರಿಸಾಯರು 6,000ಕ್ಕೂ ಹೆಚ್ಚು. ಅಂದರೆ ಊರೂರಲ್ಲಿ ಹೊಲ ಉಳುತ್ತಿದ್ದ, ಮೀನು ಹಿಡಿಯುತ್ತಿದ್ದ ಬಹುಪಾಲು ಜನ ಯಾವ ಪಂಥಕ್ಕೂ ಸೇರಿದವರಲ್ಲ.

ಸದ್ದುಕಾಯರು ದೇವಾಲಯದ ದೊಡ್ಡ ಯಾಜಕ ಮನೆತನಗಳ, ಶ್ರೀಮಂತರ ಪಂಥ. ಮೋಶೆಯ ಧರ್ಮಶಾಸ್ತ್ರದಲ್ಲಿ (ಬೈಬಲ್ಲಿನ ಮೊದಲ ಐದು ಪುಸ್ತಕ) ಬರೆದದ್ದಷ್ಟೇ ಪ್ರಮಾಣ, ಹಿರಿಯರಿಂದ ಬಾಯಿಂದ ಬಾಯಿಗೆ ಬಂದದ್ದು ಲೆಕ್ಕಕ್ಕಿಲ್ಲ ಅಂದರು. ದೇಹದ ಜೊತೆ ಆತ್ಮವೂ ಮುಗಿಯುತ್ತದೆ, ಸತ್ತವರು ಎದ್ದು ಬರುವುದಿಲ್ಲ, ವಿಧಿ ಅನ್ನೋದಿಲ್ಲ, ಒಳ್ಳೆಯದೋ ಕೆಟ್ಟದ್ದೋ ಎಲ್ಲ ಮನುಷ್ಯನ ಕೈಯಲ್ಲೇ ಇದೆ ಅಂತ ನಂಬಿದರು. ಇದರಲ್ಲಿ ಒಂದು ಧೈರ್ಯ ಇದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಬರೆದದ್ದು ಅಂತ ಖಚಿತವಾಗಿ ಹೇಳಬಹುದಾದ ಒಂದು ಪುಸ್ತಕವೂ ನಮಗೆ ಉಳಿದಿಲ್ಲ. ಅವರನ್ನೂ ಬೇರೆಯವರ ಬಾಯಿಂದಲೇ ಕೇಳಬೇಕು.

ಫರಿಸಾಯರು ಅದಕ್ಕೆ ತದ್ವಿರುದ್ಧ. ಬರೆದದ್ದರ ಜೊತೆಗೆ ಹಿರಿಯರ ಸಂಪ್ರದಾಯವೂ ಬೇಕು ಅಂದರು. ಆತ್ಮಕ್ಕೆ ಸಾವಿಲ್ಲ, ಸತ್ತವರು ಏಳುತ್ತಾರೆ, ದೇವರ ಸಂಕಲ್ಪವೂ ಇದೆ, ಮನುಷ್ಯನ ಆಯ್ಕೆಯೂ ಇದೆ ಅಂದರು. ಸದ್ದುಕಾಯರ ಕಡೆ ಸಿರಿವಂತರು, ಫರಿಸಾಯರ ಕಡೆ ಸಾಮಾನ್ಯ ಜನ ಅಂತ ಜೋಸೆಫಸ್ ಸ್ಪಷ್ಟವಾಗಿ ಹೇಳುತ್ತಾನೆ. ಶಿಕ್ಷೆ ಕೊಡುವ ವಿಷಯದಲ್ಲಿ ಫರಿಸಾಯರು ಸ್ವಭಾವತಃ ಮೃದು ಅಂತಲೂ ಅವನೇ ಬರೆದಿದ್ದಾನೆ. ಈ ಎರಡನೇ ಮಾತನ್ನು ಯಾವ ಪ್ರಸಂಗದಲ್ಲೂ ನಾನು ಕೇಳಿಲ್ಲ.

ಇವರ ಜಗಳಗಳು ಬರೀ ಸಿದ್ಧಾಂತದ ಮೇಲೆ ನಡೆದವಲ್ಲ. ಪಾತ್ರೆ, ನೀರು, ಬೀದಿ, ಬಾಗಿಲು ಎಲ್ಲ ಅದರಲ್ಲಿ ಬರುತ್ತವೆ. ಫರಿಸಾಯರ ವಾರಸುದಾರರಾದ ಯಹೂದಿ ಗುರುಗಳು ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿಸಿದ ಮಿಶ್ನಾ ಅನ್ನೋ ಧರ್ಮನಿಯಮಗಳ ಗ್ರಂಥದಲ್ಲಿ ಒಂದು ವಾದ ದಾಖಲಾಗಿದೆ. ಶುದ್ಧವಾದ ಪಾತ್ರೆಯಿಂದ ಮೈಲಿಗೆಯಾದ ಪಾತ್ರೆಗೆ ನೀರು ಸುರಿಯುತ್ತಿದ್ದೀರಿ ಅಂದುಕೊಳ್ಳಿ. ನಡುವೆ ಧಾರೆ ಇದೆ. ಕೆಳಗಿನ ಮೈಲಿಗೆ ಆ ಧಾರೆ ಹಿಡಿದು ಮೇಲಿನ ಪಾತ್ರೆಗೂ ಹತ್ತುತ್ತದಾ? ಹತ್ತುತ್ತದೆ ಅಂದರು ಸದ್ದುಕಾಯರು. ಇಲ್ಲ, ಮೇಲಿನ ನೀರು ಶುದ್ಧವಾಗೇ ಇರುತ್ತದೆ ಅಂದರು ಫರಿಸಾಯರು. ಮಡಿ ಮೈಲಿಗೆ ನೋಡುವ ಮನೆಯಲ್ಲಿ ಬೆಳೆದವರಿಗೆ ಇದು ಎಷ್ಟು ದೊಡ್ಡ ಪ್ರಶ್ನೆ ಅಂತ ಬೇರೆ ಹೇಳಬೇಕಿಲ್ಲ. ಫರಿಸಾಯರ ತೀರ್ಪಿನ ಪ್ರಕಾರ ಮನೆಯ ಹೆಂಗಸು ಯಾರ ಪಾತ್ರೆಗಾದರೂ ನೀರು ಹೊಯ್ಯಬಹುದು, ತನ್ನ ಕೊಡ ಕೆಡುವುದಿಲ್ಲ. ಸದ್ದುಕಾಯರ ಪ್ರಕಾರ ಕೊಡ ಪೂರ್ತಿ ಚೆಲ್ಲಬೇಕು. ದೇವಾಲಯದ ಶುದ್ಧಿಯನ್ನು ಸಾಮಾನ್ಯರ ಅಡುಗೆಮನೆಗೂ ಊಟಕ್ಕೂ ತರಬೇಕು ಅನ್ನೋದು ಫರಿಸಾಯರ ಆಸೆ. ಹಾಗೆ ತರುವುದಾದರೆ ಜನ ಪಾಲಿಸಲು ಆಗುವ ಹಾಗಿರಬೇಕಲ್ವಾ? ಅವರ ಎಷ್ಟೋ ನಿಯಮಗಳ ಹಿಂದೆ ಇರುವುದು ಈ ಕಾಳಜಿ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಪ್ರಸಂಗ ನನಗೆ ತುಂಬ ಇಷ್ಟ. ಸಬ್ಬತ್ ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಆ ದಿನ ಮನೆಯಿಂದ ಎಲ್ಲರಿಗೂ ಸೇರಿದ ಓಣಿಗೆ ಸಾಮಾನು ಒಯ್ಯುವ ಹಾಗಿಲ್ಲ. ಫರಿಸಾಯರ ಕಡೆಯವರು ಒಂದು ದಾರಿ ಕಂಡುಕೊಂಡರು. ಓಣಿಯ ಮನೆಯವರೆಲ್ಲ ಸೇರಿ ಒಂದು ಕಡೆ ಆಹಾರದ ಪಾಲು ಇಟ್ಟರೆ ಓಣಿಯೆಲ್ಲ ಒಂದೇ ಮನೆ ಇದ್ದ ಹಾಗೆ. ಆಗ ಪಾತ್ರೆ ಪಡಗ ಓಡಾಡಬಹುದು. ಸದ್ದುಕಾಯರು ಇದನ್ನು ಒಪ್ಪಲಿಲ್ಲ. ರಬ್ಬನ್ ಗಮಲಿಯೇಲ ಅನ್ನೋ ಯಹೂದಿ ಗುರು ಮಿಶ್ನಾದಲ್ಲಿ ತನ್ನ ಬಾಲ್ಯದ ನೆನಪು ಹೇಳುತ್ತಾನೆ: ಯೆರೂಸಲೇಮಿನಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಸದ್ದುಕಾಯ ಇದ್ದ. ಅಪ್ಪ ನಮಗೆ, ಅವನು ಸಾಮಾನು ಹೊರಗಿಟ್ಟು ಅಡ್ಡಿ ಮಾಡೋಕೆ ಮುಂಚೆ ಬೇಗ ಬೇಗ ನಿಮ್ಮ ಪಾತ್ರೆಗಳನ್ನೆಲ್ಲ ಓಣಿಗೆ ತನ್ನಿ ಅನ್ನುತ್ತಿದ್ದರು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ, ಯೇಸುವಿನ ಶಿಷ್ಯ ಪೇತ್ರನ ಕಡೆಯವರನ್ನು ಬಿಟ್ಟುಬಿಡಿ ಅಂತ ಯಹೂದಿಗಳ ಹಿರೀಸಭೆಯಲ್ಲಿ ಎದ್ದು ಹೇಳಿದ ಫರಿಸಾಯ ಗಮಲಿಯೇಲನ ಮೊಮ್ಮಗ ಇವನು. ಎರಡು ಪಂಥದವರು ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕುತ್ತಿದ್ದರು.

ದೇವಾಲಯದ ಒಳಗಿನ ಜಗಳ ಇನ್ನೂ ಗಂಭೀರ. ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪುರ್. ವರ್ಷಕ್ಕೆ ಆ ಒಂದು ದಿನ ಮಹಾಯಾಜಕ ಒಬ್ಬನೇ ಅತಿ ಪವಿತ್ರ ಸ್ಥಳದ ಒಳಗೆ ಹೋಗುತ್ತಾನೆ. ಕೆಂಡದ ಮೇಲೆ ಧೂಪ ಹಾಕುವುದು ಹೊರಗೋ ಒಳಗೋ? ಯಾಜಕಕಾಂಡದ 16ನೇ ಅಧ್ಯಾಯವನ್ನೇ ಇಬ್ಬರೂ ಓದುತ್ತಿದ್ದರು. ಹೊಗೆ ಎದ್ದ ಮೇಲೇ ಒಳಗೆ ಕಾಲಿಡಬೇಕು ಅಂದರು ಸದ್ದುಕಾಯರು. ಒಳಗೆ ಹೋದ ಮೇಲೆ ಹಾಕಬೇಕು ಅಂದರು ಫರಿಸಾಯರು. ಒಳಗೆ ಅವನು ಏನು ಮಾಡಿದ ಅಂತ ನೋಡುವವರು ಯಾರೂ ಇಲ್ಲ. ಹಾಗಾಗಿ ಹಿರಿಯರು ಮೊದಲೇ ಅವನಿಂದ ಆಣೆ ಮಾಡಿಸುತ್ತಿದ್ದರು, ನಾವು ಹೇಳಿದ್ದರಲ್ಲಿ ಒಂದನ್ನೂ ಬದಲಿಸಬೇಡ ಅಂತ. ಆಮೇಲೆ ಅವನು ಆ ಕಡೆ ತಿರುಗಿ ಅಳುತ್ತಿದ್ದ, ಇವರು ಈ ಕಡೆ ತಿರುಗಿ ಅಳುತ್ತಿದ್ದರು ಅಂತ ಮಿಶ್ನಾ ಹೇಳುತ್ತದೆ. ತನ್ನನ್ನು ಸದ್ದುಕಾಯ ಅಂತ ಅನುಮಾನಿಸಿದರಲ್ಲ ಅಂತ ಅವನ ಅಳು. ತಪ್ಪಿಲ್ಲದವನನ್ನು ಅನುಮಾನಿಸಿಬಿಟ್ಟೆವೇನೋ ಅಂತ ಇವರ ಅಳು. ಈ ವಿವರಣೆ ಕೊಡುವುದು ಮಿಶ್ನಾದ ಮೇಲಿನ ವ್ಯಾಖ್ಯಾನ ಗ್ರಂಥ ತಾಲ್ಮುದ್. ಕಪಟಿಗಳು ಇಂಥ ಅಳುವನ್ನು ನೆನಪಿಟ್ಟು ಮಕ್ಕಳಿಗೆ ದಾಟಿಸುತ್ತಾರಾ?

ಎಲ್ಲ ಜಗಳವೂ ಅಳುವಿನಲ್ಲಿ ಮುಗಿಯಲಿಲ್ಲ. ಫರಿಸಾಯರ ಜೊತೆ ಆಗದಿದ್ದ ಅಲೆಕ್ಸಾಂಡರ್ ಯನ್ನಾಯ್ ಯೂದಾಯದ ರಾಜನೂ ಹೌದು, ಮಹಾಯಾಜಕನೂ ಹೌದು. ಕ್ರಿ.ಪೂ. 103ರಿಂದ 76ರವರೆಗೆ ಆಳಿದವನು. ಪರ್ಣಶಾಲೆಗಳ ಹಬ್ಬದಲ್ಲಿ ಬಲಿಪೀಠದ ಹತ್ತಿರ ನಿಂತಿದ್ದಾಗ ಜನ ಕೈಯಲ್ಲಿದ್ದ ಮಾದಲಹಣ್ಣುಗಳನ್ನೇ ಅವನ ಮೇಲೆ ತೂರಿದರು. ಅವನು ಸೈನಿಕರನ್ನು ಬಿಟ್ಟ. ಸುಮಾರು 6,000 ಜನ ಸತ್ತರು. ಮುಂದೆ ದಂಗೆ ಎದ್ದವರಲ್ಲಿ 800 ಮಂದಿಯನ್ನು ಶಿಲುಬೆಗೆ ಏರಿಸಿ, ಅವರ ಕಣ್ಣೆದುರೇ ಹೆಂಡತಿ ಮಕ್ಕಳ ಕುತ್ತಿಗೆ ಕೊಯ್ಯಿಸಿ, ತಾನು ಔತಣದಲ್ಲಿ ಕೂತಿದ್ದ ಅಂತ ಜೋಸೆಫಸ್ ಬರೆಯುತ್ತಾನೆ. ಅವನ ನಂತರ ಪಟ್ಟಕ್ಕೆ ಬಂದ ಹೆಂಡತಿ ಸಲೋಮೆ ಅಲೆಕ್ಸಾಂಡ್ರಾ ಫರಿಸಾಯರ ಕೈ ಹಿಡಿದಳು. ಅಧಿಕಾರ ಸಿಕ್ಕಾಗ ಅವರೂ ಸೇಡು ತೀರಿಸಿಕೊಂಡರು. ಅದನ್ನು ನಾನು ಮುಚ್ಚಿಡುವುದಿಲ್ಲ.

ಈಗ ಎಸ್ಸೀನರಿಗೆ ಬರೋಣ. ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಅಲ್ಲೇ. ಇವರು ದೇವಾಲಯದ ಆಡಳಿತದಿಂದ ದೂರ ಸರಿದವರು. ಬಿಳಿ ಬಟ್ಟೆ, ತಣ್ಣೀರಿನ ಸ್ನಾನ, ಎಲ್ಲರದೂ ಒಂದೇ ಹುಂಡಿ, ಮೌನದ ಊಟ. ಎಣ್ಣೆ ಹಚ್ಚಿಕೊಳ್ಳುತ್ತಿರಲಿಲ್ಲ. ಸೇರಬೇಕೆಂದವನ ಕೈಗೆ ಮೊದಲು ಒಂದು ಸಣ್ಣ ಗುದ್ದಲಿ ಕೊಡುತ್ತಿದ್ದರು, ಮಲವಿಸರ್ಜನೆಗೆ ಗುಂಡಿ ತೋಡಿ ಮುಚ್ಚಲಿಕ್ಕೆ. ಸಬ್ಬತ್ ದಿನ ಅದನ್ನೂ ಮಾಡುತ್ತಿರಲಿಲ್ಲ. ಪೂರ್ತಿ ಸದಸ್ಯನಾಗಲು ಮೂರು ವರ್ಷ ಬೇಕಿತ್ತು. 1947ರಲ್ಲಿ ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳು ಸಿಗತೊಡಗಿದವು. ಹನ್ನೊಂದು ಗುಹೆಗಳಿಂದ 900ಕ್ಕೂ ಹೆಚ್ಚು ಹಸ್ತಪ್ರತಿ. ಅಲ್ಲಿದ್ದವರು ಎಸ್ಸೀನರೇ, ಅಥವಾ ಅವರದೇ ಒಂದು ಕವಲು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅವರ ನಿಯಮಾವಳಿಯೇ ಸಿಕ್ಕಿದೆ. ಸಭೆಯಲ್ಲಿ ನಿದ್ದೆ ಹೋದರೆ 30 ದಿನ ದಂಡ. ಉಗುಳಿದರೆ 30 ದಿನ. ಪೆದ್ದುಪೆದ್ದಾಗಿ ಜೋರಾಗಿ ನಕ್ಕರೂ 30 ದಿನ. ಆಸ್ತಿಯ ಬಗ್ಗೆ ಸುಳ್ಳು ಹೇಳಿದರೆ ಒಂದು ವರ್ಷ ಪಂಕ್ತಿಯಿಂದ ಹೊರಗೆ, ಊಟದಲ್ಲೂ ಕಾಲುಭಾಗ ಕಡಿತ. ಅವರ ಪಂಚಾಂಗ 364 ದಿನದ್ದು. ಹಾಗಾಗಿ ಅವರ ಹಬ್ಬವೇ ಬೇರೆ ದಿನ ಬೀಳುತ್ತಿತ್ತು. ಅವರು ಉಪವಾಸ ಕೂತ ಪ್ರಾಯಶ್ಚಿತ್ತದ ದಿನವೇ ಯೆರೂಸಲೇಮಿನ 'ದುಷ್ಟ ಯಾಜಕ' ಅವರ ಗುರುವಿನ ಮೇಲೆ ಏರಿಬಂದ ಅಂತ ಒಂದು ಸುರುಳಿ ಸಂಕಟದಿಂದ ಹೇಳುತ್ತದೆ.

ಈ ಕಟ್ಟುನಿಟ್ಟಿನ ಜನ ಫರಿಸಾಯರನ್ನು ಏನಂತ ಕರೆದರು ಗೊತ್ತಾ? 'ನುಣುಪಾದದ್ದನ್ನು ಹುಡುಕುವವರು.' ಅಂದರೆ ಧರ್ಮವನ್ನು ಸಡಿಲ ಮಾಡಿ ಸುಲಭದ ದಾರಿ ತೋರಿಸುವವರು. ಈ ಹೆಸರು ಫರಿಸಾಯರದ್ದೇ ಅಂತ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಸುರಿಯುವ ನೀರಿನ ವಾದದಲ್ಲೂ ಕುಮ್ರಾನಿನ ಒಂದು ಪತ್ರ ಸದ್ದುಕಾಯರ ಕಠಿಣ ಪಕ್ಷವನ್ನೇ ಹಿಡಿಯುತ್ತದೆ. ಇನ್ನೊಂದು ಗ್ರಂಥದಲ್ಲಿ, ಸಬ್ಬತ್ ದಿನ ದನ ಗುಂಡಿಗೆ ಬಿದ್ದರೆ ಎತ್ತಬಾರದು ಅಂತ ನಿಯಮ. ಈಗ ಮತ್ತಾಯ 12ನ್ನು ತೆರೆದು ನೋಡಿ. ನಿಮ್ಮ ಕುರಿ ಸಬ್ಬತ್ ದಿನ ಗುಂಡಿಗೆ ಬಿದ್ದರೆ ಎತ್ತುವುದಿಲ್ಲವೇ ಅಂತ ಯೇಸು ಫರಿಸಾಯರನ್ನು ಕೇಳುತ್ತಾನೆ. ಎತ್ತುತ್ತಾರೆ ಅಂತ ಗೊತ್ತಿದ್ದೇ ಕೇಳುತ್ತಾನೆ. ಎಸ್ಸೀನನನ್ನು ಹಾಗೆ ಕೇಳಿದ್ದರೆ ಉತ್ತರ ಬೇರೆ ಬರುತ್ತಿತ್ತು. ಪ್ರಾಣಾಪಾಯದ ಸಂಶಯ ಇದ್ದರೂ ಸಾಕು, ಸಬ್ಬತ್ ಬದಿಗಿಡಬೇಕು ಅಂತ ಮಿಶ್ನಾ ವಿಧಿಸುತ್ತದೆ. ಯೇಸುವಿನ ವಾದಗಳು ಫರಿಸಾಯರ ವಾದಗಳಿಗೆ ಎಷ್ಟು ಹತ್ತಿರ ಅಂದರೆ, ಅದನ್ನು ಮನೆಯವರ ಜಗಳ ಅಂತಲೇ ನಾನು ಓದುತ್ತೇನೆ. ಲೂಕನ ಸುವಾರ್ತೆಯಲ್ಲಿ ಅವನು ಫರಿಸಾಯರ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಹೆರೋದ (ಮೊದಲು ಹೇಳಿದ ಹೆರೋದನ ಮಗ) ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಅಂತ ಬಂದು ಎಚ್ಚರಿಸುವವರೂ ಫರಿಸಾಯರೇ.

ಅವರಲ್ಲಿ ಕಪಟಿಗಳು ಇರಲಿಲ್ಲವಾ? ಇದ್ದರು. ಅದನ್ನು ಹೇಳಿದವರಲ್ಲಿ ಅವರ ವಾರಸುದಾರರೇ ಇದ್ದಾರೆ. ತಾಲ್ಮುದ್‌ನಲ್ಲಿ ಏಳು ಬಗೆಯ ಫರಿಸಾಯರ ಪಟ್ಟಿ ಇದೆ, ಭಕ್ತಿಯ ಪ್ರದರ್ಶನ ಮಾಡುವವರನ್ನು ಅದರಲ್ಲಿ ಚೆನ್ನಾಗಿ ಜಾಡಿಸಿದ್ದಾರೆ. ಅದೇ ಕಡೆ ಯನ್ನಾಯ್ ರಾಜ ಹೆಂಡತಿಗೆ ಹೇಳುವ ಮಾತೂ ಇದೆ: ಫರಿಸಾಯರಿಗೆ ಹೆದರಬೇಡ, ಫರಿಸಾಯರಲ್ಲದವರಿಗೂ ಹೆದರಬೇಡ, ಫರಿಸಾಯರ ಬಣ್ಣ ಬಳಿದುಕೊಂಡವರಿಗೆ ಹೆದರು. ಇದನ್ನೂ ಮತ್ತಾಯ 23ನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನನ್ನ ಮಾತು ಅರ್ಥವಾಗುತ್ತದೆ.

ಆ ಮೂರರ ಜೊತೆ ಜೋಸೆಫಸ್ ನಾಲ್ಕನೆಯದೊಂದು ಪಂಥವನ್ನೂ ಹೇಳುತ್ತಾನೆ, ರೋಮಿನ ವಿರುದ್ಧ ಎದ್ದವರದು. ಅದರ ಬಗ್ಗೆ ಹೆಚ್ಚು ಹೇಳಲ್ಲ. ಕ್ರಿ.ಶ. 6ರಲ್ಲಿ ರೋಮನ್ನರು ತೆರಿಗೆಗಾಗಿ ಜನಗಣತಿ ಮಾಡಿಸಿದಾಗ ಗಲಿಲಾಯದ ಯೂದ, ದೇವರೊಬ್ಬನೇ ಒಡೆಯ ಅಂತ ಎದ್ದು ನಿಂತ. ಅವನ ಜೊತೆಗಿದ್ದ ಚಾದೋಕ್ ಫರಿಸಾಯನೇ. ಮುಂದೆ 66ರಲ್ಲಿ ಯುದ್ಧ ಹೊತ್ತಿಕೊಂಡಿತು. ಯೆರೂಸಲೇಮಿಗೆ ಮುತ್ತಿಗೆ ಬಿದ್ದಾಗ ಒಳಗಿನ ಬಣಗಳು ಒಬ್ಬರ ಮೇಲೊಬ್ಬರು ಬಿದ್ದು ಊರಿನ ಧಾನ್ಯದ ದಾಸ್ತಾನನ್ನೇ ಸುಟ್ಟವು. 70ರಲ್ಲಿ ದೇವಾಲಯ ಬೂದಿಯಾಯಿತು. ಬಲಿಪೀಠ ಹೋದ ಮೇಲೆ ಸದ್ದುಕಾಯರಿಗೆ ನಿಲ್ಲಲು ಜಾಗ ಇರಲಿಲ್ಲ. ಎಸ್ಸೀನರ ಸದ್ದೂ ಅಡಗಿತು. ಮನೆ, ಊಟದ ಮಣೆ, ಪಾಠಶಾಲೆ ನಂಬಿದ್ದವರ ದಾರಿ ಮಾತ್ರ ಮುಂದುವರಿಯಿತು. ಯವ್ನೆ ಅನ್ನೋ ಊರಿನಲ್ಲಿ ಯೋಹಾನಾನ್ ಬೆನ್ ಜಕ್ಕಾಯ್ ಅನ್ನೋ ಗುರು ಪಾಠ ಶುರು ಮಾಡಿದ. ಪಾಪ ಕಳೆಯುವ ಜಾಗವೇ ಹಾಳಾಯಿತಲ್ಲ ಅಂತ ಅತ್ತ ಶಿಷ್ಯನಿಗೆ ಅವನು ಹೇಳಿದ್ದು ಪ್ರವಾದಿ ಹೋಶೇಯನ ವಚನ: ನನಗೆ ಬೇಕಾದದ್ದು ಬಲಿಯಲ್ಲ, ಕರುಣೆ. ಮತ್ತಾಯನಲ್ಲಿ ಯೇಸು ಫರಿಸಾಯರಿಗೆ ಎರಡು ಸಲ ನೆನಪಿಸುವುದೂ ಇದೇ ವಚನವನ್ನು.

ಕೊನೆಗೆ ಒಂದು ಘಟನೆ ಹೇಳಲೇಬೇಕು. ಕ್ರಿ.ಶ. 62ರಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಯೆರೂಸಲೇಮಿನಲ್ಲಿ ಕಲ್ಲೆಸೆದು ಕೊಲ್ಲಿಸಿದರು. ಕೊಲ್ಲಿಸಿದವನು ಮಹಾಯಾಜಕ ಅನನ, ಸದ್ದುಕಾಯ. ತೀರ್ಪು ಕೊಡುವುದರಲ್ಲಿ ಇವರಷ್ಟು ಕ್ರೂರಿಗಳು ಬೇರೆ ಇಲ್ಲ ಅಂತ ಜೋಸೆಫಸ್ ಅದೇ ಜಾಗದಲ್ಲಿ ಸೇರಿಸುತ್ತಾನೆ. ಊರಿನಲ್ಲಿ ನ್ಯಾಯವಂತರು, ಧರ್ಮಶಾಸ್ತ್ರದಲ್ಲಿ ನಿಖರರು ಅನ್ನಿಸಿಕೊಂಡವರು ಇದಕ್ಕೆ ಸಿಡಿದೆದ್ದರು. ಪಂಥದ ಹೆಸರು ಅವನು ಹೇಳುವುದಿಲ್ಲ. ಆದರೆ ಈ 'ನಿಖರತೆ'ಯ ಹೊಗಳಿಕೆಯನ್ನು ಅವನು ಬೇರೆ ಕಡೆ ಕೊಡುವುದು ಫರಿಸಾಯರಿಗೇ. ಅವರು ರಾಜ ಅಗ್ರಿಪ್ಪನಿಗೆ ಗುಟ್ಟಾಗಿ ದೂರು ಕಳಿಸಿದರು. ಕೆಲವರು ದಾರಿಯಲ್ಲಿದ್ದ ರೋಮನ್ ಅಧಿಕಾರಿ ಅಲ್ಬಿನಸನನ್ನು ಹೋಗಿ ಕಂಡರು. ಪಟ್ಟಕ್ಕೆ ಬಂದು ಮೂರೇ ತಿಂಗಳಾಗಿದ್ದ ಅನನನನ್ನು ಅಗ್ರಿಪ್ಪ ಕೆಳಗಿಳಿಸಿದ.