ಮೋಟು ಮರಕ್ಕೆ ಮಾನ್ಯತೆ ಇಲ್ಲ

ಕಾಡು ಅನ್ನಿಸಿಕೊಳ್ಳೋದು ಸುಮ್ನೆ ಅಲ್ಲ. ಜಾಗ ಅರ್ಧ ಹೆಕ್ಟೇರ್ ದಾಟಿರಬೇಕು. ಮರ 5 ಮೀಟರ್ ದಾಟಿರಬೇಕು, ಇಲ್ಲವೇ ದಾಟುವ ತಾಕತ್ತಾದರೂ ಇರಬೇಕು. ನೂರರಲ್ಲಿ ಹತ್ತು ಪಾಲಿಗಿಂತ ಜಾಸ್ತಿ ನೆಲವನ್ನು ಕೊಂಬೆ ಎಲೆ ಮುಚ್ಚಿರಬೇಕು. ಇದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಟ್ಟ ಪರೀಕ್ಷೆ. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಸೋಯಾ ನಮಗೆ ಬೇಡ ಎಂದಿತು. ಯಾವುದು ಕಾಡು ಅಂತ ಕೇಳಿದರೆ ಇದೇ ಅಳತೆ ಪಟ್ಟಿಯನ್ನು ತೋರಿಸಿತು.

ಬ್ರೆಜಿಲ್‌ನ ಸೆರಾಡೊ ಸಿಕ್ಕಿಬಿದ್ದದ್ದು ಇಲ್ಲೇ. ಅದು ಹುಲ್ಲು, ಪೊದೆ, ಸೊಟ್ಟ ಸೊಟ್ಟ ಕುಳ್ಳು ಮರಗಳ ಸೀಮೆ. ಅಲ್ಲಿನ ಗಿಡಗಳು ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಹುಡುಕಿ ಬೇರನ್ನು ಆಳಕ್ಕೆ ಇಳಿಸುತ್ತವೆ. ಅದಕ್ಕೇ ಅದನ್ನು ತಲೆಕೆಳಗಾದ ಕಾಡು ಅಂತಲೂ ಕರೆಯುತ್ತಾರೆ. ಸಾವ್ ಫ್ರಾನ್ಸಿಸ್ಕೊದಂಥ ದೊಡ್ಡ ನದಿ ಹುಟ್ಟುವುದೂ ಅಲ್ಲೇ. ಆದರೆ ಅಳೆಯಲು ಬಂದವರು ಮೇಲೆ ನೋಡಿದರೇ ಹೊರತು ಕೆಳಗೆ ಅಗೆದು ನೋಡಲಿಲ್ಲ. ಸೆರಾಡೊದ ದೊಡ್ಡ ಪಾಲು ಪರೀಕ್ಷೆಯಲ್ಲಿ ಫೇಲ್. ಕಾಡೇ ಅಲ್ಲದ ಮೇಲೆ ಕಾಡುನಾಶ ಎಲ್ಲಿಂದ ಬಂತು? ಬುಲ್ಡೋಜರ್ ಓಡಿಸಿ, ಸೋಯಾ ಬಿತ್ತಿ, ಸರಕು ಶುದ್ಧ. ಬ್ರೆಜಿಲ್‌ನ ಕಾನೂನೂ ಮರಕ್ಕಿಂತ ಮುಂಚೆ ನಕ್ಷೆ ನೋಡುತ್ತದೆ. ಅಮೆಜಾನ್ ಕಾಡಿನಲ್ಲಿ ಜಮೀನಿದ್ದರೆ ನೂರಕ್ಕೆ 80 ಭಾಗ ಉಳಿಸಬೇಕು. ಸೆರಾಡೊದ ಬಹುಪಾಲು ಕಡೆ 20 ಉಳಿಸಿದರೆ ಸಾಕು.

ಹಾಗಂತ ಕೆಲಸಕ್ಕೆ ಬಂದ ಉಪಾಯವೇ ಇಲ್ಲ ಅಂತಲ್ಲ. ಒಂದಿತ್ತು. 2006ರಲ್ಲಿ ದೊಡ್ಡ ಸೋಯಾ ವ್ಯಾಪಾರಿಗಳೆಲ್ಲ ಸೇರಿ, ಅಮೆಜಾನ್‌ನಲ್ಲಿ ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳೋದಿಲ್ಲ ಅಂತ ಒಪ್ಪಂದ ಮಾಡಿಕೊಂಡರು. ಉಪಗ್ರಹದಿಂದ ಕಣ್ಣಿಟ್ಟರು. ಮೊದಲು ಅಲ್ಲಿ ಸೋಯಾ ಹೊಲ ಹಬ್ಬಿದ್ದರಲ್ಲಿ ಸುಮಾರು 30 ಪರ್ಸೆಂಟ್ ನೇರವಾಗಿ ಕಾಡು ಕಡಿದೇ ಆಗುತ್ತಿತ್ತು. 2014ರ ಹೊತ್ತಿಗೆ ಅದು ಒಂದು ಪರ್ಸೆಂಟ್ ಆಸುಪಾಸಿಗೆ ಇಳಿಯಿತು. ಇಷ್ಟು ಚೆನ್ನಾಗಿ ಕೆಲಸ ಮಾಡಿದ ಮೇಲೆ ಶಿಕ್ಷೆ ಆಗಲೇಬೇಕು, ಅಲ್ವಾ? 2024ರಲ್ಲಿ ಬ್ರೆಜಿಲ್‌ನ ಮಾತೊ ಗ್ರೊಸೊ ರಾಜ್ಯ ಒಂದು ಕಾನೂನು ತಂದಿತು. ಕಾನೂನು ಹೇಳಿದ್ದಕ್ಕಿಂತ ಜಾಸ್ತಿ ಕಾಡು ಉಳಿಸುತ್ತೇವೆ ಅನ್ನುವ ಇಂಥ ಒಪ್ಪಂದದಲ್ಲಿರುವ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಇಲ್ಲ! ಹೆಚ್ಚು ಒಳ್ಳೆಯವರಾದರೆ ದಂಡ. ಮರುವರ್ಷ ಆಗಸ್ಟ್‌ನಲ್ಲಿ ದೇಶದ ಸ್ಪರ್ಧಾ ಪ್ರಾಧಿಕಾರ ಎದ್ದು ಕೂತಿತು. ಇವರೆಲ್ಲ ಒಳಗೊಳಗೇ ಕೂಡಿಕೊಂಡು ಮಾರುಕಟ್ಟೆ ಕೆಡಿಸುತ್ತಿದ್ದಾರೆ ಅಂತ ತನಿಖೆ ಶುರುಮಾಡಿ, ಒಪ್ಪಂದ ನಿಲ್ಲಿಸಿ ಎಂದಿತು. ಆಮೇಲೆ ಕೋರ್ಟು, ತಡೆಯಾಜ್ಞೆ, ಮಾಮೂಲಿ ಕಥೆ. ಬೆಲೆ ಏರಿಸಲು ವ್ಯಾಪಾರಿಗಳು ಒಂದಾಗೋದು ಕೇಳಿದ್ದೇವೆ. ಮರ ಬಿಡಲು ಒಂದಾದರೂ ಅದೇ ಕೇಸು.

ಇನ್ನು ಕಾಗದದ ಮಹಿಮೆ. ಸೋಯಾದ ಮುಕ್ಕಾಲು ಪಾಲು ಹಿಂಡಿಯಾಗಿ ಕೋಳಿ, ಹಂದಿ, ದನಗಳ ಹೊಟ್ಟೆ ಸೇರುತ್ತದೆ. ದಾರಿಯಲ್ಲಿ ಗೋದಾಮು, ಹಡಗು, ಗಾಣ ಅಂತ ಎಲ್ಲ ಹೊಲದ ಕಾಳೂ ಬೆರೆತು ಹೋಗುತ್ತದೆ. ಬೇರೆ ಮಾಡೋದು ಖರ್ಚಿನ ಬಾಬ್ತು. ಅದಕ್ಕೆ ಕ್ರೆಡಿಟ್ ಅನ್ನುವ, ಕೊಂಡು ಮಾರುವ ಚೀಟಿ ಬಂತು. ಕಾಡು ಕಡಿಯದ ರೈತ ಒಂದು ಟನ್ ಬೆಳೆದರೆ ಒಂದು ಕ್ರೆಡಿಟ್. ಆ ಸೋಯಾ ಅವನು ಎಲ್ಲಿಗಾದರೂ ಮಾರಿಕೊಳ್ಳಲಿ. ಇನ್ಯಾವುದೋ ದೇಶದ ಕಂಪನಿ ಕ್ರೆಡಿಟ್ ಕೊಂಡು, ಸಿಕ್ಕಿದ ಸೋಯಾ ಕೋಳಿಗೆ ಹಾಕಿ, ಜವಾಬ್ದಾರಿಯುತ ಸೋಯಾವನ್ನು ಬೆಂಬಲಿಸುತ್ತೇವೆ ಅಂತ ವರದಿಯಲ್ಲಿ ಬರೆಯುತ್ತದೆ. ರೈತನಿಗೆ ನಾಲ್ಕು ಕಾಸು ಸಿಗುತ್ತದೆ, ಅದು ಒಳ್ಳೆಯದೇ. ಪುಣ್ಯ ಒಂದು ಹಡಗಿನಲ್ಲಿ, ಕಾಳು ಇನ್ನೊಂದು ಹಡಗಿನಲ್ಲಿ. ಕೋಳಿಗಂತೂ ವ್ಯತ್ಯಾಸ ಗೊತ್ತಾಗೋದಿಲ್ಲ.

ಗಡುವುಗಳ ವಿಷಯ ಬೇಗ ಮುಗಿಸುತ್ತೇನೆ, ಅವು ತಾವಾಗಿ ಮುಗಿಯುವ ಲಕ್ಷಣ ಇಲ್ಲ. ದಿನಬಳಕೆ ಸರಕಿನ ದೊಡ್ಡ ದೊಡ್ಡ ಕಂಪನಿಗಳ ಕೂಟ 2010ರಲ್ಲಿ ಹೇಳಿತು, 2020ಕ್ಕೆ ನಮ್ಮ ಕಡೆಯಿಂದ ನಿವ್ವಳ ಕಾಡುನಾಶ ಸೊನ್ನೆ. 2020 ಬಂತು, ಹೋಯಿತು. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಾಡುನಾಶ ನಿಲ್ಲಿಸುತ್ತೇವೆ ಅಂತ ನೂರಕ್ಕೂ ಹೆಚ್ಚು ದೇಶಗಳ ನಾಯಕರು ಸಹಿ ಹಾಕಿದರು, ಈಗ 2030. ಯುರೋಪಿನ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಯಾಗಬೇಕಿತ್ತು. 2025ಕ್ಕೆ ಹೋಯಿತು. ಅಷ್ಟರಲ್ಲಿ ಕಂಪ್ಯೂಟರ್ ವ್ಯವಸ್ಥೆ ಕಂಪನಿಗಳು ಸಲ್ಲಿಸುವ ಇಷ್ಟೊಂದು ಘೋಷಣಾ ಪತ್ರಗಳ ಭಾರ ತಡೆಯೋದಿಲ್ಲ ಅಂದರು. ಈಗ 2026ರ ಡಿಸೆಂಬರ್, ಸಣ್ಣ, ಅತಿ ಸಣ್ಣ ಕಂಪನಿಗಳಿಗೆ ಅದರಾಚೆ.

ಮುಂದೂಡುವಾಗ ಒಂದು ಸಣ್ಣ ತಿದ್ದುಪಡಿಯನ್ನೂ ಸೇರಿಸಿದರು. ಸೋಯಾ ಜೊತೆ ಮರ, ಕಾಗದವೂ ಈ ಕಾಯ್ದೆಯ ಪಟ್ಟಿಯಲ್ಲಿವೆ, ಆದರೆ ಪುಸ್ತಕ, ಪತ್ರಿಕೆಗಳಂಥ ಮುದ್ರಿತ ಸರಕನ್ನು ಕೈಬಿಟ್ಟರು. ಹಾಗಾಗಿ ಕಾಡುನಾಶದ ಬಗ್ಗೆ ಎಷ್ಟು ದಪ್ಪದ ವರದಿ ಬೇಕಾದರೂ ಅಚ್ಚು ಹಾಕಿಸಬಹುದು. ಆ ಹಾಳೆ ಯಾವ ಮರದ್ದು ಅಂತ ಈ ಕಾಯ್ದೆ ಕೇಳೋದಿಲ್ಲ.