ನೋಂದಣಿಯಾಗದ ಎರಡನೆಯ ಮದುವೆ: ಧಾರಾವಾಹಿ ಮಾಡಿದ ಬದಲಾವಣೆ ಸರಿಯೇ?

ಜಪಾನಿನ ಎನ್‌ಎಚ್‌ಕೆ ವಾಹಿನಿ 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 130 ಕಂತುಗಳಲ್ಲಿ ಪ್ರಸಾರ ಮಾಡಿದ ‘ತೊರಾ ನಿ ತ್ಸುಬಾಸಾ’ (ಹುಲಿಗೆ ರೆಕ್ಕೆ) ಧಾರಾವಾಹಿಗೆ, ಆ ದೇಶದ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರಾಗಿ ಮುಂದೆ ನ್ಯಾಯಾಧೀಶರಾದ ಮಿಬುಚಿ ಯೊಶಿಕೊ ಅವರ ಬದುಕೇ ಆಧಾರ. ವಿಧವೆಯಾಗಿದ್ದ ಯೊಶಿಕೊ 1956ರಲ್ಲಿ ಮರುಮದುವೆಯಾಗಿ ಗಂಡನ ಮನೆತನದ ಹೆಸರನ್ನು ತೆಗೆದುಕೊಂಡರು. ಅವರನ್ನು ಆಧರಿಸಿದ ಧಾರಾವಾಹಿಯ ನಾಯಕಿ ತೊಮೊಕೊ ಮಾತ್ರ ಮದುವೆಯನ್ನು ನೋಂದಾಯಿಸದೆ, ಹೆಸರು ಬದಲಿಸದೆ ಎರಡನೆಯ ಸಂಗಾತಿ ಕೊಯಿಚಿಯೊಡನೆ ಬಾಳುತ್ತಾಳೆ. ಈ ಬದಲಾವಣೆಯ ಬಗ್ಗೆ ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ

ಈ ಬದಲಾವಣೆಯನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ವಾರವಾರದ ಶೀರ್ಷಿಕೆಗಳನ್ನೇ ನೋಡಿ: ಹೆಂಗಸು ಜಾಣೆಯಾದರೆ ದನದ ವ್ಯಾಪಾರ ಕೆಡುತ್ತದೆ ಎಂಬಂಥ ಗಾದೆಗಳನ್ನು ಆರಿಸಿ, ಪ್ರತಿಯೊಂದರ ಕೊನೆಗೂ ಲೇಖಕಿ ಯೊಶಿದಾ ಎರಿಕಾ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದಾರೆ. ಮದುವೆಯ ಮಾತುಕತೆಗೆ ಕುಳಿತಾಗ ತೊಮೊಕೊ ಲೋಕವ್ಯವಹಾರದ ಬಗ್ಗೆ ಬಾಯಿ ಬಿಟ್ಟರೆ ವರನ ಮುಖ ಗಂಟಿಕ್ಕುತ್ತದೆ. ಮದುವೆಯಾದ ಹೆಣ್ಣು ಕಾನೂನಿನ ಕಣ್ಣಿನಲ್ಲಿ ‘ಅಸಮರ್ಥಳು’ ಎಂಬ ಮಾತು ಪಾಠದ ಕೋಣೆಯಿಂದ ಕಿವಿಗೆ ಬಿದ್ದಾಗ ಆಕೆ ಕೇಳುವುದು ‘ಹತೆ?’ ಎಂಬ ಒಂದೇ ಪದ; ಅದೇನು ಹಾಗಂದರೆ, ಎಂಬ ಅಚ್ಚರಿ ಅಷ್ಟೆ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲವನ್ನೂ ಎತ್ತುವಂತಿರಲಿಲ್ಲ ಎಂಬ ಕಾಲವದು. ತಾಯಿ ಬಿಟ್ಟುಹೋದ ಕಿಮೊನೊವನ್ನು ಗಂಡನಿಂದ ವಾಪಸು ಪಡೆಯಲು ಹೆಣ್ಣೊಬ್ಬಳು ನ್ಯಾಯಾಲಯದ ಮೆಟ್ಟಿಲು ಹತ್ತುವ ಕಂತು ಆ ಕಾನೂನನ್ನು ಒಂದು ಬಟ್ಟೆಯ ಮಡಿಕೆಯಲ್ಲಿ ತೋರಿಸಿಬಿಡುತ್ತದೆ.

ವಕೀಲೆಯಾದ ಮೇಲೂ ತೊಮೊಕೊಗೆ ಕಕ್ಷಿದಾರರು ಸಿಗುವುದಿಲ್ಲ, ಏಕೆಂದರೆ ಆಕೆಗೆ ಮದುವೆಯಾಗಿಲ್ಲ. ಸಮಾಜದ ನಂಬಿಕೆ ಗಳಿಸಲೆಂದೇ ಮೊದಲ ಮದುವೆಯಾದವಳು, ಸ್ವಂತ ಯೋಗ್ಯತೆಯಿಂದ ನ್ಯಾಯಪೀಠಕ್ಕೆ ಏರಿದ ಮೇಲೆ ಎರಡನೆಯ ಸಲವೂ ಅದೇ ಬೆಲೆ ತೆರಬೇಕೇ? ಗಂಡ ಹೆಂಡತಿಗೆ ಒಂದೇ ಮನೆತನದ ಹೆಸರಿರಬೇಕು ಎನ್ನುವ ಜಪಾನಿನ ನಾಗರಿಕ ಸಂಹಿತೆಯ 750ನೆಯ ವಿಧಿ ಯಾರ ಹೆಸರು ಎಂಬುದನ್ನು ಹೇಳುವುದಿಲ್ಲ. ಆದರೂ ನೂರರಲ್ಲಿ ಸುಮಾರು 95 ಜೋಡಿಗಳಲ್ಲಿ ಹೆಸರು ಬಿಡುವವಳು ಹೆಂಡತಿಯೇ. ಆ ವಿಧಿ ಸಂವಿಧಾನಬದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು 2015ರಲ್ಲಿಯೂ 2021ರಲ್ಲಿಯೂ ಹೇಳಿತು.

ಹೆಸರು ಬಿಡುವುದೆಂದರೇನು ಎಂದು ನನಗೆ ಗೊತ್ತು. ನಮ್ಮಲ್ಲಿ ಕಾನೂನು ಕೇಳುವುದಿಲ್ಲ, ಮನೆಯವರು ಕೇಳುತ್ತಾರೆ. ಅಂಕಪಟ್ಟಿಗಳಲ್ಲೆಲ್ಲ ಅಪ್ಪನ ಇನಿಷಿಯಲ್ ಇದ್ದ ನನ್ನ ಹೆಸರಿಗೆ, ಮದುವೆಯಾದ ವರ್ಷ, ಅತ್ತೆಯವರ ಮಾತು ಮೀರಲಾರದೆ ಗಂಡನ ಮನೆತನದ ಹೆಸರು ಸೇರಿಸಿಕೊಂಡೆ. ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ಪಿಂಚಣಿ ಖಾತೆ ತೆರೆದಾಗ, ಅಪ್ಪ ತೀರಿಕೊಂಡ ಮೇಲೆ ಅವರ ಠೇವಣಿ ಬಿಡಿಸಿಕೊಳ್ಳಲು ಹೋದಾಗ, ಪ್ರತಿ ಸಲವೂ ಛಾಪಾ ಕಾಗದದ ಮೇಲೆ ‘ಎರಡೂ ಹೆಸರು ಒಬ್ಬಳದೇ’ ಎಂದು ಬರೆಸಿ ನೋಟರಿಯ ಮೊಹರು ಹಾಕಿಸಿದ್ದೇನೆ. ಠೇವಣಿಯ ಕೌಂಟರಿನಲ್ಲಿದ್ದವರು ಕಾಗದ ತಿರುವಿ, ‘ಇದರಲ್ಲಿರುವ ಮಗಳು ಬಂದಿಲ್ಲವೇ ಮೇಡಂ?’ ಎಂದು ಕೇಳಿದರು. ಸೂತಕ ಕಳೆದು ಹತ್ತು ದಿನವೂ ಆಗಿರಲಿಲ್ಲ.

ಹೀಗಾಗಿ ತೊಮೊಕೊ ಮತ್ತು ಕೊಯಿಚಿ ನೋಂದಣಿ ಬಿಟ್ಟು, ಒಬ್ಬರಿಗೊಬ್ಬರು ಉಯಿಲು ಬರೆದುಕೊಡುವ ಕಂತನ್ನು ನೋಡುವಾಗ ನನಗೆ ಗಂಟಲು ಕಟ್ಟಿತು. ನಿಜವಾದ ಯೊಶಿಕೊ ಹಾಗೆ ಮಾಡಲಿಲ್ಲವಲ್ಲ ಎನ್ನುವವರು, ಆಕೆ ಸಾರಿಗೆ ಎಷ್ಟು ಉಪ್ಪು ಹಾಕುತ್ತಿದ್ದರೆಂಬ ಲೆಕ್ಕವನ್ನೂ ಧಾರಾವಾಹಿಯಿಂದ ಕೇಳಿಯಾರು.

ವಿರೋಧ

ವಿರೋಧದ ಪಾಲು ನನಗೆ ಬಂದಿದೆ. ಧಾರಾವಾಹಿಯನ್ನು ಮೆಚ್ಚಿ ನೋಡಿದವರಲ್ಲಿ ನಾನೂ ಒಬ್ಬ, ತೊಮೊಕೊ ಪಾತ್ರದ ಇತೋ ಸಾಯಿರಿಯವರ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕು.

ಮೊದಲನೆಯದಾಗಿ, ತೊಮೊಕೊ ಹಟ ಹಿಡಿದು ಉಳಿಸಿಕೊಳ್ಳುವ ‘ಸಾದಾ’ ಎಂಬ ಹೆಸರು ಆಕೆಯ ತವರಿನದಲ್ಲ, ತೀರಿಕೊಂಡ ಮೊದಲ ಗಂಡನದು. ಒಬ್ಬ ಗಂಡನ ಹೆಸರನ್ನು ಬಿಡಲೊಲ್ಲದೆ ಇನ್ನೊಬ್ಬ ಗಂಡನ ಹೆಸರನ್ನು ಬೇಡವೆನ್ನುವುದು ಪ್ರೀತಿಯ ಮಾತಾಗಬಹುದು. ಅದನ್ನು ಹೆಣ್ಣಿನ ಸ್ವಾತಂತ್ರ್ಯದ ಬಾವುಟವೆಂದು ಹಾರಿಸುವುದು ಹೇಗೆ?

ಎರಡನೆಯದು, ಚರಿತ್ರೆ. ಯೊಶಿಕೊ ಅವರು ಮದುವೆಯಾದದ್ದು ಮಿಬುಚಿ ಕೆಂತಾರೊ ಎಂಬ ನ್ಯಾಯಾಧೀಶರನ್ನು. ಕೆಂತಾರೊ ಅವರ ತಂದೆ ಜಪಾನಿನ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ. ಗಂಡನ ಮೊದಲ ಹೆಂಡತಿಯ ಮಕ್ಕಳು, ತನ್ನದೇ ಮಗ, ಹೊಸ ಹೆಸರು, ಇಷ್ಟನ್ನೂ ಹೊತ್ತುಕೊಂಡೇ ಯೊಶಿಕೊ ಅಣುಬಾಂಬ್ ಸಂತ್ರಸ್ತರ ಮೊಕದ್ದಮೆಯ ನ್ಯಾಯಪೀಠದಲ್ಲಿ ಕುಳಿತರು ಮತ್ತು 1972ರಲ್ಲಿ ನಿಗಾತಾದ ಕೌಟುಂಬಿಕ ನ್ಯಾಯಾಲಯಕ್ಕೆ ಮುಖ್ಯಸ್ಥರಾದರು. ಆ ದೇಶದಲ್ಲಿ ಅಂಥ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಕಟ್ಟಿನೊಳಗಿದ್ದೂ ಆಕೆ ಹೇಗೆ ಬೆಳೆದರು ಎಂಬುದು ಕಷ್ಟದ ಕತೆ. ಅದನ್ನು ಹೇಳುವ ಬದಲು 2024ರ ನೋಡುಗರಿಗೆ ಹಿತವಾದ ಕತೆಯನ್ನು 1950ರ ದಶಕಕ್ಕೆ ಕಳಿಸಲಾಗಿದೆ. ಹೀಗೆಯೇ ಸಾಗಿದರೆ ಮುಂದಿನ ಚಾರಿತ್ರಿಕ ಧಾರಾವಾಹಿಯಲ್ಲಿ ಸಮುರಾಯಿಯ ಹೆಂಡತಿ ವಿಚ್ಛೇದನದ ನೋಟಿಸನ್ನು ಮೊಬೈಲಿನಲ್ಲಿ ಕಳಿಸಿಯಾಳು.

ಎದುರು ಲೇಖಕಿಯ ಠೇವಣಿಯ ಪ್ರಸಂಗ ಓದಿ ಬೇಸರವಾಯಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದು ಈ ಧಾರಾವಾಹಿಯ ತಪ್ಪೂ ಅಲ್ಲ. ನನ್ನ ದೂರು ಸಣ್ಣದು. 1984ರಲ್ಲಿ ತೀರಿಕೊಂಡ ಆ ನ್ಯಾಯಾಧೀಶೆ ಕೊನೆಯವರೆಗೂ ಮಿಬುಚಿ ಯೊಶಿಕೊ ಎಂದೇ ಇದ್ದರು; ಧಾರಾವಾಹಿ ಮುಗಿದ ಮೇಲೆ ಆಕೆಯ ಬಗ್ಗೆ ಓದಬೇಕೆನಿಸಿದವರು ಗ್ರಂಥಾಲಯದಲ್ಲಿ ಹುಡುಕಬೇಕಾದದ್ದು ಆ ಹೆಸರನ್ನೇ.